ಲಾಯದ ದಾರಂದ

ಅಜ್ಜನ ಪುಸ್ತಕದಲ್ಲಿ ಎಲ್ಲ ಕುದುರೆಗಳೂ ಮೂವತ್ತೆಂಟು ಅಂಗುಲ.
ಹಂಚಿನ ಕಾರ್ಖಾನೆಯ ಹಳೇ ಲೆಕ್ಕದ ಪುಸ್ತಕ,
ಹಿಂದಿನಿಂದ ತೆರೆದು ಬರೆದದ್ದು:
ತಾಯಿ, ತಂದೆ, ಹುಟ್ಟಿದ ದಿನ, ಬಣ್ಣ, ಎತ್ತರ.
ಎತ್ತರದ ಅಂಕಣದಲ್ಲಿ ಮಾತ್ರ
ಮೂವತ್ತೆಂಟರ ಕೆಳಗೆ ಮೂವತ್ತೆಂಟು
ಜಪಸರದ ಮಣಿ ಹಾಗೆ.

ಮೊದಲ ಸಾಲಿನಲ್ಲಿ ಡೈಸಿ, ಅವಳ ಪಕ್ಕ ಟಾಮಿ.
ಕಾಫಿ ತೋಟದ ದೊರೆ ಹಡಗು ಹತ್ತುವ ಮುಂಚೆ
ಮಂಗಳೂರಿನ ಧಕ್ಕೆಯಲ್ಲಿ, ಸಂಬಳದ ಬಾಕಿಗೆ,
ಮುತ್ತಜ್ಜ ಜೊಕಿಂ ಕ್ವಾಡ್ರಸ್ ಕೈಗೆ ಎರಡು ಹಗ್ಗ ಕೊಟ್ಟನಂತೆ.
ಹಗ್ಗದ ತುದಿಯಲ್ಲಿ ಎರಡು ಶೆಟ್ಲೆಂಡ್.
ಕೂಳೂರಲ್ಲಿ ದೋಣಿ, ಪಾವಂಜೆಯಲ್ಲಿ ದೋಣಿ, ಮೂಲ್ಕಿಯಲ್ಲಿ ದೋಣಿ,
ಮೂರನೇ ದಿನ ಶಿರ್ವದ ಪದವು.
ದಾರಿಯುದ್ದಕ್ಕೂ ಕೇಳಿದವರಿಗೆ ಹೇಳಿ ಹೇಳಿ ಗಂಟಲು ಬತ್ತಿತು:
ಮರಿಯಲ್ಲ, ಬೆಳೆದದ್ದೇ, ಇಷ್ಟೇ.
ಯಾರು ನಂಬುತ್ತಾರೆ?
'ಇನ್ನೂ ಬೆಳೀತದೆ ಪೊರ್ಬುಗಳೇ, ನೋಡಿ ಬೇಕಾದರೆ.'

ಹಿಮದ ದೇಶದ ರೋಮ, ನಮ್ಮ ಎಪ್ರಿಲ್ ತಿಂಗಳು.
ನಿಂತಲ್ಲೇ ಏದುಸಿರು ಬಿಡುತ್ತಿದ್ದವು.
ಮುತ್ತಜ್ಜಿ ಸೆರಾಫಿನ್ ರವಿಕೆ ಹೊಲಿಯುವ ಕತ್ತರಿ ತಂದು
ಇಬ್ಬರನ್ನೂ ಬೋಳಿಸಿದಳು.
ಆ ರೋಮ ತುಂಬಿದ ದಿಂಬು ಈಗ ನನ್ನದು.
ಆಟಿಯಲ್ಲಿ ತಲೆಯಿಟ್ಟರೆ ಕುದುರೆ ವಾಸನೆ.

ಎಷ್ಟು ಮಂದಿ ಕೊಂಡುಹೋದರು!
ದುಡ್ಡು ಪೂರ್ತಿ ಕೊಡದೆ ಪಾಸು ಕೊಟ್ಟ ಸರ್ಕಸ್ಸಿನವರು,
ಮಗಳು ಮಾತಾಡುತ್ತಿಲ್ಲ ಎಂದು ಬಂದ ಮಣಿಪಾಲದ ಡಾಕ್ಟರು
(ಅವಳ ಮೊದಲ ಮಾತು 'ಹುರುಳಿ'),
ಮಲ್ಪೆಯ ಮರಳಿನಲ್ಲಿ ಸುತ್ತಿಗೆ ಹತ್ತು ರೂಪಾಯಿಯ ಸದಾನಂದ ಕುಂದರ್.
ಎಲ್ಲರಿಗೂ ಅಜ್ಜ ಪುಸ್ತಕ ತೆರೆದು ತೋರಿಸಿದರು.
ಅಪ್ಪಟ, ಅಪ್ಪಟ. ಬೆರಳು ಅಂಕಣದಲ್ಲಿ ಇಳಿಯುತ್ತಿತ್ತು.

ಲಾಯದ ದಾರಂದ ಹಲಸಿನದು.
ಅಜ್ಜಿ ಬೆನೆಡಿಕ್ಟಾಗೆ ಓದು ಬರುತ್ತಿರಲಿಲ್ಲ, ಕತ್ತಿ ಬರುತ್ತಿತ್ತು.
ಪ್ರತಿ ಮೊಂತಿ ಹಬ್ಬಕ್ಕೆ, ಹೊಸತೆನೆಯ ಊಟಕ್ಕೆ ಮೊದಲು,
ಎಡಗಡೆ ಮಕ್ಕಳು, ಬಲಗಡೆ ಕುದುರೆಗಳು,
ನೆತ್ತಿಗೊಂದು ಗೀರು, ಹೆಗಲಿಗೊಂದು ಗೀರು.
ಐದು ವರ್ಷದ ನಾನು, ರೂಬಿಯ ಬೆನ್ನು: ಒಂದೇ ಮಟ್ಟ.

ಕಳೆದ ಗುರುವಾರ ಟೇಪು ಹಿಡಿದೆ.
ಸುಮ್ಮನೆ. ಗೆದ್ದಲು ಹಿಡಿದಿದೆಯೋ ಎಂದು ನೋಡಲು ಹೋದವಳು.
ಕೆಳಗಿನ ಗೀರುಗಳು ಮೂವತ್ತೆಂಟು, ಸರಿ.
ಎಪ್ಪತ್ತೆರಡರ ಲಿಲ್ಲಿ ಬೆಳೆದು ನಿಂತದ್ದು ನಲವತ್ತೊಂದು.
ಅವಳ ಮಗಳು ನಲವತ್ತೆರಡೂವರೆ.
ರೂಬಿ ನಲವತ್ತಮೂರು.
ಮರಕ್ಕೆ ಅಜ್ಜನ ಭಯವಿರಲಿಲ್ಲ.

ಟಾಮಿ ಹೊಟ್ಟೆನೋವಿನಲ್ಲಿ ಸತ್ತದ್ದು ಎಪ್ಪತ್ತರ ಮಳೆಗಾಲ.
ಅದನ್ನು ಪುಸ್ತಕ ಹೇಳುವುದಿಲ್ಲ, ಹಿತ್ತಿಲ ಕಲ್ಲು ಹೇಳುತ್ತದೆ.
ಸತ್ತ ಮೇಲೂ ಪಾಪ, ತಂದೆಯ ಅಂಕಣದಲ್ಲಿ ದುಡಿದ,
ಇಪ್ಪತ್ತು ವರ್ಷ.

ಪಡುಬಿದ್ರೆಗೆ ಹೋದೆ.
ಜಟಕಾ ಹಸನಬ್ಬನ ಮೊಮ್ಮಗ ಟಯರ್ ಅಂಗಡಿಯಲ್ಲಿದ್ದ.
ನಕ್ಕ. 'ಬಾದಶಾ ಅಂತ, ಕೆಂಚು ಕುದುರೆ, ನಮ್ಮಜ್ಜನದ್ದು.
ನಿಮ್ಮ ಹೆಣ್ಣನ್ನು ದರೆಯ ಮೇಲೆ ನಿಲ್ಲಿಸಬೇಕಾಯಿತಂತೆ.
ಬಾಯಿ ಮುಚ್ಚಲಿಕ್ಕೆ ಎರಡು ಮುಡಿ ಅಕ್ಕಿ ಕೊಟ್ಟಿದ್ದರು.
ಅಕ್ಕಿ ಮುಗಿದು ಬಹಳ ವರ್ಷ ಆಯಿತಲ್ಲ ಅಕ್ಕ, ಈಗ ಹೇಳಬಹುದು.'

ಬಸ್ಸಿನಲ್ಲಿ ಕೂತು ಕೋಪ ಮಾಡಲು ನೋಡಿದೆ.
ಕಣ್ಣಿಗೆ ಕಂಡದ್ದು ದರೆಯ ಕೆಳಗೆ ಲಾಟೀನು ಹಿಡಿದ ಅಜ್ಜ,
ಭಾನುವಾರ ಪೂಜೆಗೆ ಇಗರ್ಜಿಯ ಮುಂದಿನ ಬೆಂಚಿನಲ್ಲಿ ಕೂರುವವರು,
ಕಚ್ಚೆ ಕಟ್ಟಿ, ಕೆಸರಿನಲ್ಲಿ,
ಒಂಟಿ ಹೆಣ್ಣು ಕುದುರೆಯ ಕಿವಿಯಲ್ಲಿ ಏನೋ ಹೇಳುತ್ತ.
ಆ ರಾತ್ರಿ ಇಲ್ಲದಿದ್ದರೆ ರೂಬಿ ಇಲ್ಲ.
ನನ್ನ ಗೀರಿನ ಎದುರು ಬರಿಯ ಮರ.

ಇವತ್ತು ಬೆಳಗಿನ ಜಾವ ರೂಬಿಯ ಮೊಮ್ಮಗಳು ಮರಿ ಹಾಕಿದಳು.
ಹೆಣ್ಣು. ಕೆಂಚು.
ನಾಲ್ಕು ಕಾಲಿದ್ದರೂ ಯಾವುದು ಮೊದಲು ಎಂದು ತಿಳಿಯದೆ
ಮೂರು ಸಲ ಬಿದ್ದಿತು.
ಅಜ್ಜನ ಶಾಯಿಯ ಮೇಲೆ ಗೆರೆ ಎಳೆಯಲಿಲ್ಲ ನಾನು.
ಪಕ್ಕದ ಖಾಲಿ ಜಾಗದಲ್ಲಿ, ಪೆನ್ಸಿಲಿನಲ್ಲಿ,
ಲಿಲ್ಲಿಯ ಸಾಲಿಗೆ ಸೇರಿಸಿದೆ: ಬಾದಶಾ, ಪಡುಬಿದ್ರೆ, ಜಟಕಾ.
ಆಮೇಲೆ ಅದರ ಮೇಲೆಯೇ ಪೆನ್ನು ತಿದ್ದಿದೆ.

ಮರಿಯ ಎತ್ತರದ ಅಂಕಣ ಖಾಲಿ ಬಿಟ್ಟಿದ್ದೇನೆ.
ಇನ್ನೂ ಬೆಳೀತದೆ.
ಮೊಂತಿ ಹಬ್ಬ ಬರಲಿ, ಕತ್ತಿ ಮಸೆದಿಟ್ಟಿದೆ.